ಬಿಳಿ ಮಚ್ಚೆ ಕಂಡರೆ ಗರ್ಭಕೋಶವನ್ನೇ ತೆಗೆಸಬೇಕಾ?

ಪ್ರಶ್ನೆ: ನನಗೆ 41 ವರ್ಷ, ಇಬ್ಬರು ಮಕ್ಕಳು. ಹೋದ ತಿಂಗಳು ಆಶಾ ಕಾರ್ಯಕರ್ತೆಯ ಜೊತೆ ಹೋಗಿ ಕ್ಯಾನ್ಸರ್ ತಪಾಸಣೆ ಮಾಡಿಸಿದೆ. ಏನೋ ಹಚ್ಚಿ ನೋಡಿ, ಗರ್ಭಕೋಶದ ಬಾಯಲ್ಲಿ ಬಿಳಿ ಮಚ್ಚೆ ಇದೆ, ಜಿಲ್ಲಾ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಕೊಟ್ಟರು. ಗಾಬರಿಯಾಗಿ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಅವರು ಸ್ಕ್ಯಾನ್ ಮಾಡಿ, "ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ" ಎಂದರು. ಯಜಮಾನರೂ ಹೂಂ ಎಂದಿದ್ದಾರೆ. ಇನ್ನೊಂದು, 13 ವರ್ಷದ ಮಗಳಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿಸಬಹುದಾ? ಮುಂದೆ ಮಕ್ಕಳಾಗಲ್ಲ ಅಂತ ನಾದಿನಿ ಹೆದರಿಸುತ್ತಾಳೆ.
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಆ ಆಪರೇಷನ್ ನಿಲ್ಲಿಸಿ. ಅಡ್ವಾನ್ಸ್ ಕಟ್ಟಿದ್ದರೂ ಸರಿ, ನಿಲ್ಲಿಸಿ.

ನಿಮಗೆ ಹಚ್ಚಿದ್ದು ಅಸಿಟಿಕ್ ಆಮ್ಲ, ಅಂದರೆ ಅಡುಗೆಯ ವಿನೆಗರಿನಲ್ಲಿ ಇರುವುದೇ. ಹಚ್ಚಿ ಒಂದು ನಿಮಿಷ ಕಾಯುತ್ತೇವೆ. ಆ ಒಂದು ನಿಮಿಷ ಹೆಂಗಸರು ಉಸಿರು ಬಿಗಿಹಿಡಿದು ಮಲಗಿರುತ್ತಾರೆ, ನಾನು ಸುಮ್ನೆ ಮಕ್ಕಳ ಓದಿನ ವಿಷಯ ಕೇಳುತ್ತಿರುತ್ತೇನೆ. ಬದಲಾದ ಜೀವಕೋಶಗಳಿದ್ದರೆ ಆ ಜಾಗ ಬೆಳ್ಳಗಾಗುತ್ತದೆ. ಬರೀ ಸೋಂಕು, ಊತ ಇದ್ದರೂ ಕೆಲವೊಮ್ಮೆ ಬೆಳ್ಳಗಾಗುತ್ತದೆ! ಹಾಗಾಗಿ ಬಿಳಿ ಮಚ್ಚೆ ಎಂದರೆ ಕ್ಯಾನ್ಸರ್ ಎಂದೇ ಅಲ್ಲ. ಹತ್ತಿರದಿಂದ ನೋಡಬೇಕು ಎಂದಷ್ಟೇ ಅರ್ಥ. ಕ್ಯಾನ್ಸರಿಗೆ ಮುಂಚಿನ ಬದಲಾವಣೆಯೇ ಆಗಿದ್ದರೂ ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಟ್ಟಲೆ ಬೇಕು. ಹಾಗಂತ ಚೀಟಿಯನ್ನು ಬೀರುವಿನಲ್ಲಿ ಇಡಬೇಡಿ.

ಜಿಲ್ಲಾ ಆಸ್ಪತ್ರೆಯಲ್ಲಿ ಕಾಲ್ಪೋಸ್ಕೋಪ್ ಎಂಬ ಭೂತಗನ್ನಡಿಯಂಥ ಯಂತ್ರದಿಂದ ನೋಡುತ್ತಾರೆ. ಅನುಮಾನ ಬಂದರೆ ಚಿಕ್ಕ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಮಚ್ಚೆ ಪೂರ್ತಿ ಕಾಣುವಂತಿದ್ದರೆ ಆ ಜಾಗವನ್ನಷ್ಟೇ ಬಿಸಿಯಿಂದ ಸುಡುವ ಚಿಕಿತ್ಸೆ ಇದೆ. ಕೆಲವೇ ನಿಮಿಷದ ಕೆಲಸ. ಸ್ವಲ್ಪ ಸೆಳೆತ, ಆಮೇಲೆ ಕೆಲವು ವಾರ ನೀರಿನಂತೆ ಸ್ರಾವ, ಅಷ್ಟೇ. ಮಚ್ಚೆ ಒಳಗೆ ಹೋಗಿದ್ದರೆ ಕರೆಂಟಿನ ತಂತಿಯ ಕುಣಿಕೆಯಿಂದ ಆ ಭಾಗ ತೆಗೆಯುತ್ತಾರೆ. ಎರಡರಲ್ಲೂ ಗರ್ಭಕೋಶ ಅದರ ಜಾಗದಲ್ಲೇ ಇರುತ್ತದೆ.

ಸ್ಕ್ಯಾನಿನಲ್ಲಿ ಈ ಮಚ್ಚೆ ಕಾಣುವುದೇ ಇಲ್ಲ. ಬರೀ ಸ್ಕ್ಯಾನ್ ನೋಡಿ ಆಪರೇಷನ್ ಎಂದವರ ಬಗ್ಗೆ ನನಗೆ ಸಿಟ್ಟೇ ಬಂತು. 41ಕ್ಕೆ ಗರ್ಭಕೋಶದ ಜೊತೆ ಅಂಡಾಶಯವೂ ಹೋದರೆ ತಕ್ಷಣ ಮುಟ್ಟು ನಿಂತವರ ಮೈಬಿಸಿ, ನಿದ್ದೆಗೇಡು, ಮುಂದೆ ಮೂಳೆ ಸವೆತ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಬಯಾಪ್ಸಿ ಮಾಡದೆ ತೆಗೆದು, ಆಮೇಲೆ ಅಲ್ಲಿ ಕ್ಯಾನ್ಸರ್ ಇತ್ತೆಂದು ಗೊತ್ತಾದರೆ ಆ ಆಪರೇಷನ್ ಸಾಲುವುದಿಲ್ಲ. ಕ್ಯಾನ್ಸರಿಗೆ ಮಾಡುವ ಆಪರೇಷನ್ನೇ ಬೇರೆ, ಎಷ್ಟೋ ಜನಕ್ಕೆ ಬೇಕಾಗುವುದು ರೇಡಿಯೇಷನ್.

ಯಜಮಾನರಿಗೆ ಇಷ್ಟನ್ನು ಓದಿ ಹೇಳಿ.

ಇನ್ನು ಮಗಳ ವಿಷಯ. ಹಾಕಿಸಿ. ಈ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ಎಂಬ ವೈರಸ್. ಅದರ 16 ಮತ್ತು 18ನೇ ನಮೂನೆಗಳೇ ಸುಮಾರು ನೂರಕ್ಕೆ 70ರಷ್ಟು ಕಾಯಿಲೆ ತರುತ್ತವೆ. ಇದು ಗಂಡು–ಹೆಣ್ಣಿನ ಸಂಪರ್ಕದಿಂದ ಬರುವುದರಿಂದ ಅದಕ್ಕಿಂತ ಎಷ್ಟೋ ಮುಂಚೆ, 9ರಿಂದ 14ರ ಒಳಗೆ ಹಾಕಿಸಿದರೆ ಫಲ ಜಾಸ್ತಿ. ಲಸಿಕೆಯಲ್ಲಿ ಇರುವುದು ವೈರಸ್ಸಿನ ಹೊರಚಿಪ್ಪಿನ ಪ್ರೋಟೀನ್ ಮಾತ್ರ, ವೈರಸ್ ಅಲ್ಲ. ಮಕ್ಕಳಾಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆಸ್ಟ್ರೇಲಿಯಾದಲ್ಲಿ 2007ರಿಂದ ಹುಡುಗಿಯರಿಗೆ ಹಾಕುತ್ತಿದ್ದಾರೆ, ಆ ಹುಡುಗಿಯರಲ್ಲಿ ಎಷ್ಟೋ ಜನ ಈಗ ತಾಯಂದಿರು. ನಾದಿನಿಗೆ ಅದನ್ನು ಹೇಳಿ. ಸೂಜಿ ಚುಚ್ಚಿದ ಮೇಲೆ ಕಾಲು ಗಂಟೆ ಕೂರಿಸಿ, ಈ ವಯಸ್ಸಿನ ಹುಡುಗಿಯರು ತಲೆಸುತ್ತಿ ಬೀಳುವುದುಂಟು. ಲಸಿಕೆ ಆದರೂ 30 ದಾಟಿದ ಮೇಲೆ ಅವಳಿಗೂ ತಪಾಸಣೆ ಬೇಕು.

ನೀವು ಮುಟ್ಟಿನ ದಿನಗಳು ಮುಗಿದ ಮೇಲೆ ಹೋಗಿ. ಆ ಚೀಟಿ ಮರೆಯಬೇಡಿ.