ಬಾಂಗ್ಲಾ ಶರ್ಟು ನಮ್ಮನೆ ಬಾಗಿಲಿಗೆ ಬಂದಿದ್ದು ಹೆಂಗೆ?

ರಾಮನಗರದ ಕಡೆ ಹಳ್ಳಿಯಿಂದ ದಿನಾ ವ್ಯಾನ್ ಹತ್ತಿ ಗಾರ್ಮೆಂಟ್ಸ್‌ಗೆ ಹೋಗೋ ಓದುಗರೊಬ್ಬರು ಪತ್ರ ಬರ್ದಿದ್ದಾರೆ. ಹದಿನಾಲ್ಕು ವರ್ಷದಿಂದ ಮಿಷಿನ್ ಮೇಲೆ ಕೂತಿದ್ದಾರೆ, ಕಾಲರ್ ಕೂರಿಸೋದು ಅವರ ಕೆಲಸ. ಮಗಳು ಮೊದಲ್ನೇ ಸಂಬಳದಲ್ಲಿ ಬೆಂಗಳೂರಿನ ಮಾಲ್‌ನಿಂದ ಅಪ್ಪಂಗೆ ಒಂದು ಶರ್ಟ್ ತಂದ್ಲಂತೆ, ತಿರುಗಿಸಿ ನೋಡಿದ್ರೆ ಒಳಗಡೆ ಲೇಬಲ್‌ನಲ್ಲಿ ‘ಮೇಡ್ ಇನ್ ಬಾಂಗ್ಲಾದೇಶ್’. “ನಾವು ಹೊಲ್ದಿದ್ದು ಫಾರಿನ್‌ಗೆ ಹೋಗುತ್ತೆ, ನಮ್ಮನೆಗೆ ಫಾರಿನ್ ಶರ್ಟ್ ಬರುತ್ತೆ, ಅವರೇನು ನಮಗಿಂತ ಚೆನ್ನಾಗಿ ಹೊಲೀತಾರಾ? ಬ್ರಿಟನ್ ಜೊತೆ ಒಪ್ಪಂದ ಆಯ್ತು ಅಂತೀರಲ್ಲ, ಅದ್ರಿಂದ ನಮ್ ಕೂಲಿ ಏನಾದ್ರೂ ಏರುತ್ತಾ?” ಅಂತ ಕೇಳಿದ್ದಾರೆ.

ಅಕ್ಕಾ, ನಿಮ್ ಪತ್ರ ಎರಡು ಸಲ ಓದ್ದೆ. ಹೊಲಿಗೆ ವಿಷಯ ಮೊದಲು ಹೇಳ್ಬಿಡ್ತೀನಿ, ಅವರ ಕೈ ನಿಮ್ ಕೈಗಿಂತ ಮೇಲೂ ಅಲ್ಲ ಕೆಳಗೂ ಅಲ್ಲ. ಇದು ಸುಂಕದ ಕಥೆ. ಸುಂಕದವನ ಹತ್ರ ಸುಖದುಃಖ ಹೇಳ್ಕೊಂಡ್ರೆ ಆಗುತ್ತಾ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಅವನು ಹೊಲಿಗೆ ನೋಡಲ್ಲ, ಕಾಲರ್ ನೆಟ್ಟಗಿದೆಯಾ ಅಂತ ನೋಡಲ್ಲ, ಇದು ಯಾವ ದೇಶದ್ದು ಅಂತ ಅಷ್ಟೇ ಕೇಳ್ತಾನೆ.

ಮೊದಲು ನಿಮ್ಮನೆಗೆ ಬಂದ ಶರ್ಟ್. ಸಾರ್ಕ್ ದೇಶಗಳು, ಅಂದ್ರೆ ನಾವೂ ಸೇರಿದಂತೆ ದಕ್ಷಿಣ ಏಷ್ಯಾದವರು, 2004ರಲ್ಲಿ ಇಸ್ಲಾಮಾಬಾದ್‌ನಲ್ಲಿ ಕೂತು ತಮ್ತಮ್ಮಲ್ಲಿ ಸುಂಕ ಇಳ್ಸೋಕೆ ಸಾಫ್ಟಾ ಅಂತ ಒಪ್ಪಂದ ಮಾಡ್ಕೊಂಡ್ವು, 2006ರಿಂದ ಜಾರಿ. ಆದ್ರೆ ಪ್ರತಿ ದೇಶಾನೂ ಇವಕ್ಕೆ ಸುಂಕ ಇಳ್ಸಲ್ಲ ಅಂತ ಒಂದು ಪಟ್ಟಿ ಇಟ್ಕೊಂಡಿತ್ತು, ಬಾಂಗ್ಲಾದವರು ಮಾರೋಕೆ ಆಸೆಪಟ್ಟಿದ್ದ ಬಟ್ಟೆಬರೆ ನಮ್ ಪಟ್ಟೀಲೇ ಇತ್ತು. 2011ರಲ್ಲಿ ಇಂಡಿಯಾ, ಬಾಂಗ್ಲಾದಂಥ ಹಿಂದುಳಿದ ದೇಶಗಳ ಮಟ್ಟಿಗೆ ಆ ಪಟ್ಟೀನ 480 ಐಟಂನಿಂದ 25ಕ್ಕೆ ಇಳಿಸ್ತು. ಸಿದ್ಧ ಉಡುಪಿಗೆ ಆಮದು ಸುಂಕ ಹೋಯ್ತು. ಆ ಶರ್ಟ್ ಬಂದಿದ್ದು ಆ ದಾರೀಲಿ. ಅಷ್ಟಾದ್ರೂ ದಕ್ಷಿಣ ಏಷ್ಯಾ ದೇಶಗಳ ಒಟ್ಟು ವ್ಯಾಪಾರದಲ್ಲಿ ತಮ್ತಮ್ಮಲ್ಲೇ ನಡೆಯೋದು ನೂರಕ್ಕೆ ಐದರ ಆಸುಪಾಸು ಮಾತ್ರ, ಪಕ್ಕದ ಮನೆಯವರ ಜೊತೆ ಇಷ್ಟು ಕಡಿಮೆ ಕೊಡುಕೊಳ್ಳುವಿಕೆ ಇರೋದು ನನಗಂತೂ ಬೇಜಾರಿನ ವಿಷಯ.

ನಿಜವಾದ ಪೈಪೋಟಿ ಇರೋದು ಯುರೋಪಿನಲ್ಲಿ. ಅಲ್ಲಿಗೆ ಹೋಗೋ ಶರ್ಟಿಗೆ ಸಾಮಾನ್ಯ ಸುಂಕ 12%. ಇಂಡಿಯಾಗೆ ರಿಯಾಯಿತಿ ಸಿಕ್ಕಾಗ್ಲೂ 9.6. ಬಾಂಗ್ಲಾಗೆ ಸೊನ್ನೆ, ಯಾಕಂದ್ರೆ 2001ರಲ್ಲಿ ಯುರೋಪಿನವರು ಅತಿ ಹಿಂದುಳಿದ ದೇಶಗಳಿಗೆ ಮದ್ದುಗುಂಡು ಬಿಟ್ಟು ಏನು ಬೇಕಾದ್ರೂ ತನ್ನಿ ಸುಂಕ ಬೇಡ ಅಂದ್ರು, ಬಾಂಗ್ಲಾ 1975ರಿಂದಾನೂ ವಿಶ್ವಸಂಸ್ಥೆಯ ಆ ಹಿಂದುಳಿದ ದೇಶಗಳ ಪಟ್ಟೀಲಿದೆ. ಇದು ಇಬ್ಬರು ಕೂತು ಮಾಡ್ಕೊಂಡ ಒಪ್ಪಂದ ಅಲ್ಲ, ಒಂದು ಕಡೆಯವರು ಕೊಟ್ಟಿದ್ದು, ಹಾಗಾಗಿ ವಾಪಸ್ ತಗೊಳ್ಳೋ ಅಧಿಕಾರಾನೂ ಅವರದ್ದೇ. ಪೀಸ್‌ಗೆ ಒಂದೊಂದು ಸೆಂಟ್ ಲೆಕ್ಕ ಹಾಕೋ ಬಯರ್ ಮುಂದೆ ಹತ್ತು ಹನ್ನೆರಡು ಪರ್ಸೆಂಟ್ ವ್ಯತ್ಯಾಸ ಅಂದ್ರೆ ಎಷ್ಟು ದೊಡ್ಡದು ಅಂತ ನಿಮ್ ಫ್ಯಾಕ್ಟರಿ ಮ್ಯಾನೇಜರ್‌ಗೆ ಚೆನ್ನಾಗಿ ಗೊತ್ತಿರುತ್ತೆ.

ಈಗ ನಿಮಗೆ ಹೇಳ್ಲೇಬೇಕಾದ ಮುಖ್ಯ ವಿಷಯ, ಪೇಪರಿನವರು ಇದನ್ನ ಬರೆಯೋದೇ ಕಡಿಮೆ. ಒಂದು ಶರ್ಟ್ ‘ಬಾಂಗ್ಲಾದ್ದು’ ಅಂತ ಯಾವಾಗ ಆಗುತ್ತೆ? ಹತ್ತಿ ಒಂದು ದೇಶದ್ದು, ನೂಲು ಇನ್ನೊಂದರದ್ದು, ನೇಯ್ದಿದ್ದು ಚೀನಾದಲ್ಲಿ, ಹೊಲ್ದಿದ್ದು ಢಾಕಾದಲ್ಲಿ, ಹುಟ್ಟೂರು ಯಾವುದು? ಪ್ರತಿ ಒಪ್ಪಂದದ ಹಿಂದೇನೂ ಇದಕ್ಕೊಂದು ಮೂಲದ ನಿಯಮ ಇರುತ್ತೆ. 2010ರ ತನಕ ಯುರೋಪಿನ ನಿಯಮ ಏನಿತ್ತು ಅಂದ್ರೆ, ಬಟ್ಟೆ ನೇಯೋದು ಹೊಲಿಯೋದು ಎರಡೂ ನಿಮ್ಮಲ್ಲೇ ಆಗ್ಬೇಕು. ಬಾಂಗ್ಲಾದಲ್ಲಿ ಟೀ ಶರ್ಟ್, ಬನಿಯನ್ ತರದ ಹೆಣಿಗೆ ಬಟ್ಟೆಗೆ ಮಿಲ್‌ಗಳು ಎದ್ದಿದ್ವು, ಅದು ಪಾಸಾಗ್ತಿತ್ತು. ನೀವು ಹೊಲೀತೀರಲ್ಲ ಕಾಲರ್ ಶರ್ಟ್, ಪ್ಯಾಂಟು, ಅದರ ಥಾನು ಹೆಚ್ಚಾಗಿ ಹೊರಗಿಂದ ಬರ್ತಿತ್ತು, ಹಾಗಾಗಿ ಸುಂಕ ಇಲ್ಲ ಅಂತ ಬಾಯಲ್ಲಿ ಹೇಳಿದ್ರೂ ಗೇಟಲ್ಲಿ ಕಟ್ಲೇಬೇಕಾಗ್ತಿತ್ತು. 2011ರ ಜನವರಿಯಿಂದ ಆ ನಿಯಮ ಸಡಿಲ ಆಯ್ತು, ಬಟ್ಟೆ ಎಲ್ಲಿಂದಾದ್ರೂ ತನ್ನಿ ಹೊಲಿಗೆ ಒಂದು ನಿಮ್ಮಲ್ಲಾದ್ರೆ ಸಾಕು ಅಂದ್ರು. ಅಲ್ಲಿಂದಾಚೆ ಬಾಂಗ್ಲಾದ ಕಾಲರ್ ಶರ್ಟು ಯುರೋಪಿನ ಅಂಗಡಿಗಳಲ್ಲಿ ತುಂಬ್ಕೊಳ್ತಾ ಹೋಯ್ತು. ಸುಂಕದ ದರದಲ್ಲಿ ಒಂದು ಅಂಕೀನೂ ಬದಲಾಗಿರ್ಲಿಲ್ಲ ನೋಡಿ, ಒಂದು ಸಾಲಿನ ನಿಯಮ ಬದಲಾಗಿದ್ದು ಅಷ್ಟೇ.

ವಿಯೆಟ್ನಾಂದು ಬೇರೆ ದಾರಿ. ಅವರು ಯುರೋಪಿನ ಜೊತೆ ಸರಿಸಮ ಕೂತು ಒಪ್ಪಂದ ಮಾಡ್ಕೊಂಡ್ರು, 2020ರ ಆಗಸ್ಟ್ 1ರಿಂದ ಜಾರಿ. ಅದರಲ್ಲಿ ನೇಯ್ಗೆ ಹೊಲಿಗೆ ಎರಡೂ ಅಲ್ಲೇ ಆಗ್ಬೇಕು, ಆದ್ರೆ ದಕ್ಷಿಣ ಕೊರಿಯಾದ ಬಟ್ಟೆ ತಂದ್ರೆ ಅದನ್ನ ತಮ್ಮದೇ ಅಂತ ಲೆಕ್ಕ ಹಿಡೀಬಹುದು ಅಂತ ಬರೆಸ್ಕೊಂಡ್ರು. ತಮ್ಮಲ್ಲಿ ಏನಿಲ್ಲ ಅನ್ನೋದು ಗೊತ್ತಿದ್ದು ಅದನ್ನ ಕೇಳಿ ತಗೊಂಡ್ರು, ಆ ಜಾಣತನ ನನಗೆ ಇಷ್ಟ ಆಗುತ್ತೆ.

ಗೇಟ್ ತೆಗೆದ್ರೆ ಸಾಕಾ ಅಂದ್ರೆ ಸಾಲ್ದು. ಬಾಂಗ್ಲಾಗೆ ಈ ಕಸುಬು ಬಂದಿದ್ದು ಸವಲತ್ತು ಸಿಕ್ಕ ಮೇಲಲ್ಲ, 1979ರ ಹೊತ್ತಿಗೆ ಅಲ್ಲಿನ ಒಂದು ಕಂಪನಿ 130 ಜನರನ್ನ ಕೊರಿಯಾಕ್ಕೆ ಕಳಿಸಿ ಕೆಲಸ ಕಲಿಸ್ತು, ವಾಪಸ್ ಬಂದವರಲ್ಲಿ ಎಷ್ಟೋ ಜನ ಆಮೇಲೆ ತಮ್ಮದೇ ಯೂನಿಟ್ ಹಾಕಿದ್ರು. ಈಗ ಅಲ್ಲಿ ಸುಮಾರು 40 ಲಕ್ಷ ಜನ ಈ ಕೆಲಸದಲ್ಲಿದ್ದಾರೆ, ಹೆಚ್ಚಿನವರು ನಿಮ್ ತರದ ಹೆಣ್ಮಕ್ಕಳೇ.

ಕೂಲಿ ವಿಷಯಕ್ಕೆ ಬರ್ತೀನಿ, ಸುಳ್ಳು ಆಸೆ ಹುಟ್ಸೋಕೆ ನನಗೆ ಮನಸಿಲ್ಲ. 2025ರ ಜುಲೈ 24ಕ್ಕೆ ಬ್ರಿಟನ್ ಜೊತೆ ಸಹಿ ಬಿತ್ತು, ಅಲ್ಲೂ ಬಟ್ಟೆ ಮೇಲೆ 12% ತನಕ ಇದ್ದ ಸುಂಕ ನಮಗೆ ಸೊನ್ನೆ ಆಗುತ್ತೆ, ಇದು ಒಳ್ಳೇದೇ, ಆರ್ಡರ್ ಜಾಸ್ತಿ ಬರೋ ಅವಕಾಶ ಖಂಡಿತ ಇದೆ. ಆದ್ರೆ ನೂರಕ್ಕೆ ಉಳಿಯೋ ಆ 12 ರೂಪಾಯಿ ಬಯರ್ ಜೇಬಿಗೆ ಹೋಗುತ್ತಾ, ಓನರ್ ಜೇಬಿಗಾ, ನಿಮ್ ಕೈಗಾ ಅಂತ ಸುಂಕದ ಪಟ್ಟೀಲಿ ಬರೆದಿರಲ್ಲ. ಬಾಂಗ್ಲಾದಲ್ಲಿ ಸೊನ್ನೆ ಸುಂಕ ಶುರುವಾಗಿ ಹನ್ನೆರಡು ವರ್ಷ ಆಗಿದ್ರೂ ಅಲ್ಲಿನ ಕನಿಷ್ಠ ಸಂಬಳ ತಿಂಗಳಿಗೆ 3,000 ಟಾಕಾನೇ ಇತ್ತು. 2013ರ ಏಪ್ರಿಲ್ 24ಕ್ಕೆ ಢಾಕಾ ಹತ್ರ ಗಾರ್ಮೆಂಟ್ಸ್ ಇದ್ದ ರಾಣಾ ಪ್ಲಾಜಾ ಬಿಲ್ಡಿಂಗ್ ಕುಸಿದು 1,100ಕ್ಕಿಂತ ಹೆಚ್ಚು ಜನ ಸತ್ರು, ಜನ ಬೀದಿಗಿಳಿದ್ರು, ಆ ವರ್ಷದ ಕೊನೇಲಿ ಅದು 5,300 ಆಯ್ತು. ನಮ್ಮಲ್ಲೂ 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯೋ ನಿಯಮ ಬದಲಾದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಮಕ್ಕಳು ರಸ್ತೆಗಿಳಿದು ವಾಪಸ್ ತೆಗೆಸಿದ್ರು, ಬಹುಶಃ ನೀವೂ ಆವತ್ತು ಇದ್ರೇನೋ. ಕೂಲಿ ಏರೋದು ಆ ದಾರೀಲಿ ಅಕ್ಕಾ.

ಇನ್ನೊಂದು. ಬಾಂಗ್ಲಾ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಗೆ ಬರೋಕೆ ವಿಶ್ವಸಂಸ್ಥೆ ಇಟ್ಟಿದ್ದ ದಿನ 2026ರ ನವೆಂಬರ್ 24. ಪಟ್ಟಿಯಿಂದ ಹೊರಗೆ ಬಂದ ಮೇಲೆ ಯುರೋಪು ಮೂರು ವರ್ಷ ಗಡುವು ಕೊಡುತ್ತೆ, ಆಮೇಲೆ ಹೊಲಿಗೆ ಒಂದಾದ್ರೆ ಸಾಕು ಅನ್ನೋ ಆ ಸಡಿಲ ನಿಯಮ ಹೋಗುತ್ತೆ. ಆಗ ಅವರ ಆರ್ಡರ್ ನಮಗೆ ಬರುತ್ತೆ ಅಂತ ಇಲ್ಲಿ ಕೆಲವರು ಖುಷಿ ಪಡ್ತಿದ್ದಾರೆ. ಅಲ್ಲಿ ಮಿಷಿನ್ ಮೇಲಿಂದ ಎದ್ದು ಹೋಗೋವಳೂ ಮಗಳನ್ನ ಓದಿಸ್ತಿರೋ ತಾಯಿನೇ, ಹಾಗಾಗಿ ನನಗೆ ಆ ಖುಷಿ ಬರಲ್ಲ.

ಆ ಶರ್ಟ್ ವಾಪಸ್ ಕೊಡ್ಬೇಡಿ. ನಮ್ ದೇಶದ ಹತ್ತಿ ನೂಲು ಅತಿ ಹೆಚ್ಚು ಕೊಳ್ಳೋದು ಬಾಂಗ್ಲಾದವರೇ, ಆ ಶರ್ಟಿನ ನೂಲು ಇಲ್ಲಿಂದಾನೇ ಹೋಗಿರಬಹುದು. ಮತ್ತೆ ಒಂದು ಕೆಲಸ ಮಾಡ್ತೀರಾ, ನಿಮ್ ಫ್ಯಾಕ್ಟರಿಗೆ ಬರೋ ಥಾನಿನ ಮೇಲೆ ಯಾವ ದೇಶದ ಹೆಸರಿರುತ್ತೆ ಅಂತ ಕಟಿಂಗ್ ಸೆಕ್ಷನ್‌ನವರನ್ನ ಕೇಳಿ ನನಗೆ ಬರೀರಿ.