ಅಂಕಲ್ ದನಿ ಎಲ್ಲಿಂದ ಬಂತು?

ಹದಿಹರೆಯದವರಿಗಾಗಿ ಕಥೆ ಬರೆಯುವವರು ಮತ್ತು ಅವರ ಕೈಗೆ ಪುಸ್ತಕ ಕೊಡಲು ಹೆಣಗುವವರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: 14–16ರ ಮಕ್ಕಳಿಗೆಂದು ಕಾದಂಬರಿ ಬರೆದಿದ್ದೇನೆ. ನೀತಿಬೋಧೆ ನುಸುಳದಂತೆ ಎಚ್ಚರ ವಹಿಸಿದ್ದೆ. ಆದರೂ ಹಸ್ತಪ್ರತಿ ಓದಿದ ಹುಡುಗಿ ‘ಯಾರೋ ಅಂಕಲ್ ಮಾತಾಡಿದ ಹಾಗಿದೆ’ ಅಂದಳು. ಎಲ್ಲಿ ಎಡವಿದ್ದೇನೆ?

ಉತ್ತರ: ನೀತಿ ಕೊನೆಯ ಪುಟದಲ್ಲೇ ಇರಬೇಕೆಂದೇನಿಲ್ಲ. ‘ಆಗ ಅವಳಿಗೆ ಅದು ತಿಳಿದಿರಲಿಲ್ಲ’, ‘ಆ ವಯಸ್ಸೇ ಹಾಗೆ’, ‘ಮುಂದೊಂದು ದಿನ ಇದನ್ನು ನೆನೆದು ನಗುತ್ತಾಳೆ’ ಎಂಬಂಥ ಸಾಲುಗಳಿಗೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ನಲವತ್ತು ದಾಟಿದವರು ಹಿಂತಿರುಗಿ ನೋಡುವಾಗ ಬರುವ ಸಾಲುಗಳಿವು. ಗೆಳತಿ ಮಾತು ಬಿಟ್ಟಿದ್ದಾಳೆ ಅಂದರೆ ಹದಿನೈದರ ಹುಡುಗಿಗೆ ನಾಳೆ ತರಗತಿಯಲ್ಲಿ ಯಾರ ಪಕ್ಕ ಕೂರುವುದು ಎಂಬ ಚಿಂತೆ. ಕಾಲ ಎಲ್ಲವನ್ನೂ ಮರೆಸುತ್ತದೆ ಎಂಬುದು ನಿಮಗೆ ಗೊತ್ತು, ಅವಳಿಗಲ್ಲ. ನಿರೂಪಣೆಗೆ ಅವಳಿಗಿಂತ ಹೆಚ್ಚು ಗೊತ್ತಿರಬಾರದು.

ಆಮೇಲೆ ಒಂದು ಹಾಳೆಯಲ್ಲಿ ಅಧ್ಯಾಯಕ್ಕೊಂದು ಸಾಲಿನಂತೆ ಬರೆದುಕೊಳ್ಳಿ: ಇಲ್ಲಿ ತೀರ್ಮಾನ ಮಾಡಿದ್ದು ಯಾರು? ಕೊನೆಯ ಮೂರು ಅಧ್ಯಾಯಗಳಲ್ಲಿ ಅಜ್ಜಿಯೋ ಮೇಷ್ಟ್ರೋ ಬಂದು ಗಂಟು ಬಿಡಿಸಿದ್ದರೆ ಅಂಕಲ್ ಸಿಕ್ಕಿಬಿದ್ದ ಹಾಗೇ. ದೊಡ್ಡವರನ್ನು ಕಥೆಯಿಂದ ಓಡಿಸಬೇಕಿಲ್ಲ. ಅವರು ತಪ್ಪು ಸಲಹೆ ಕೊಡಲಿ, ಅರ್ಧಂಬರ್ಧ ನೆರವಾಗಲಿ. ಕೊನೆಯ ಹೆಜ್ಜೆ ಇಡುವವಳೂ ಅದಕ್ಕೆ ಬೆಲೆ ತೆರುವವಳೂ ಹುಡುಗಿಯೇ ಆಗಿರಲಿ.

ಇನ್ನು ಭಾಷೆ. ಕಥೆ ಹೇಳುವವಳೇ ಹದಿನೈದರವಳಾದರೆ ‘ಹೃದಯ ಭಾರವಾಯಿತು’ ಅವಳ ಬಾಯಿಗೆ ಒಪ್ಪುವುದಿಲ್ಲ. ಹಾಗೆಂದು ಈ ವರ್ಷದ ಹುಡುಗರ ಸ್ಲ್ಯಾಂಗ್ ತುರುಕಲೂಬೇಡಿ. ಪುಸ್ತಕ ಅಚ್ಚಾಗುವಷ್ಟರಲ್ಲಿ ಅದು ಹಳಸಿರುತ್ತದೆ. ಅರ್ಧಕ್ಕೆ ನಿಲ್ಲುವ ವಾಕ್ಯ, ಕೇಳಿದ್ದೊಂದಕ್ಕೆ ಹೇಳುವುದು ಇನ್ನೊಂದು, ‘ಏನಿಲ್ಲ ಬಿಡು’ – ವಯಸ್ಸು ಕೇಳಿಸುವುದು ಇಂಥ ಕಡೆ. ಭಾವನೆಯ ಹೆಸರು ಬಂದ ಕಡೆಯೆಲ್ಲ ಕೈಗೊಂದು ಕೆಲಸ ಕೊಟ್ಟು ನೋಡಿ. ‘ಅವಮಾನದಿಂದ ಮುದುಡಿದಳು’ ಎನ್ನುವ ಬದಲು: ‘ನೀರಿನ ಬಾಟಲಿಯ ಮುಚ್ಚಳ ತೆಗೆದಳು, ಹಾಕಿದಳು. ಮತ್ತೆ ತೆಗೆದಳು. ಬಾಯಾರಿಕೆಯೇನೂ ಇರಲಿಲ್ಲ.’

ಪ್ರಶ್ನೆ: ಇಂಥ ಕಾದಂಬರಿ ಎಷ್ಟು ಉದ್ದ ಇರಬೇಕು? ಪಾತ್ರಗಳ ಕೈಯಲ್ಲಿ ಮೊಬೈಲ್ ಇರುವುದರಿಂದ ನನ್ನ ಕಥೆಯ ರಹಸ್ಯ ಎರಡೇ ನಿಮಿಷಕ್ಕೆ ಬಯಲಾಗುತ್ತಿದೆ!

ಉತ್ತರ: ಇಂಗ್ಲಿಷಿನಲ್ಲಿ 50,000ದಿಂದ 80,000 ಪದ ಸಾಮಾನ್ಯ. ಕನ್ನಡದ ವಿಭಕ್ತಿಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಅದೇ ಕಥೆಗೆ ನಮ್ಮಲ್ಲಿ ಕಡಿಮೆ ಪದ ಸಾಕು. 30,000–45,000ದ ಅಂದಾಜಿನಲ್ಲಿ ಹೊರಡಿ. ಅಧ್ಯಾಯ 1,500 ಪದದ ಆಸುಪಾಸಿನಲ್ಲಿದ್ದರೆ ಒಂದೇ ಪಟ್ಟಿನಲ್ಲಿ ಮುಗಿಯುತ್ತದೆ. ನಾಯಕಿಯ ವಯಸ್ಸು ಓದುಗರಿಗಿಂತ ಒಂದೆರಡು ವರ್ಷ ಮೇಲಿರಲಿ; ಈ ವಯಸ್ಸಿನವರು ತಮಗಿಂತ ಚಿಕ್ಕವರ ಕಥೆಗೆ ಸುಲಭವಾಗಿ ಒಲಿಯುವುದಿಲ್ಲ.

ಮೊಬೈಲಿನ ಬ್ಯಾಟರಿ ಮುಗಿಸುವ ಉಪಾಯ ಇಡೀ ಪುಸ್ತಕಕ್ಕೆ ಒಂದೇ ಸಲ. ಅದಕ್ಕಿಂತ ಫೋನನ್ನೇ ತೊಡಕಾಗಿಸಿ: ಸಂದೇಶ ಓದಿದ ಗುರುತಿದೆ, ಉತ್ತರವಿಲ್ಲ, ಒಬ್ಬಳಿಗೆ ಕಳಿಸಿದ ಸ್ಕ್ರೀನ್‌ಶಾಟ್ ಇಡೀ ಗುಂಪಿಗೆ ಹೋಗಿದೆ. ಮಾಹಿತಿ ಫೋನಿನಲ್ಲಿ ಸಿಗಲಿ ಬಿಡಿ, ಅದನ್ನು ಏನು ಮಾಡುವುದೆಂಬುದು ಸಿಗದಿದ್ದರೆ ಸಾಕು.

ಪ್ರಶ್ನೆ: ಹನ್ನೊಂದರವರೆಗೆ ಮಗ ಚೆನ್ನಾಗಿ ಓದುತ್ತಿದ್ದ. ಈಗ ಹದಿಮೂರು, ಪುಸ್ತಕ ಮುಟ್ಟುವುದಿಲ್ಲ. ‘ಒಂದು ಗಂಟೆ ಓದಿದರೆ ಒಂದು ಗಂಟೆ ಗೇಮ್’ ಎಂಬ ಕರಾರೂ ಫಲಿಸಲಿಲ್ಲ.

ಉತ್ತರ: ಆ ಕರಾರಿನಲ್ಲಿ ಓದು ಕೂಲಿ, ಗೇಮ್ ಸಂಬಳ. ಮೊದಲು ಅದನ್ನು ನಿಲ್ಲಿಸಿ. ದಿನಕ್ಕೆ 15 ನಿಮಿಷ, ಒಂದೇ ಹೊತ್ತು, ನೀವೂ ನಿಮ್ಮ ಪುಸ್ತಕ ಹಿಡಿದು ಪಕ್ಕದಲ್ಲಿ, ಎಲ್ಲರ ಫೋನೂ ಬೇರೆ ಕೋಣೆಯಲ್ಲಿ. ಪುಸ್ತಕ ಅವನೇ ಆರಿಸಲಿ. ಕಾಮಿಕ್ಸ್, ಕ್ರಿಕೆಟ್ಟು, ದೆವ್ವದ ಕಥೆ, ಹತ್ತು ಸಲ ಓದಿದ್ದೇ ಆದರೂ ಸರಿ. ನಡುವಿನ ಒಂದು ಪುಟ ತೆರೆದು ಗೊತ್ತಿಲ್ಲದ ಪದ ಎಣಿಸಲು ಹೇಳಿ. ಐದು ದಾಟಿದರೆ ಸದ್ಯಕ್ಕೆ ಆ ಪುಸ್ತಕ ಕಷ್ಟ. ತೀರಾ ಇಷ್ಟಪಟ್ಟರೆ ಮೊದಲ ಅಧ್ಯಾಯ ನೀವೇ ಗಟ್ಟಿಯಾಗಿ ಓದಿ, ಕಥೆಯಲ್ಲಿ ಬಾಗಿಲು ಬಡಿದ ಸದ್ದು ಕೇಳಿಸುವಂಥ ಕುತೂಹಲದ ಕಡೆ ನಿಲ್ಲಿಸಿ, ಪುಸ್ತಕ ಅಲ್ಲೇ ಬಿಟ್ಟು ಎದ್ದುಬಿಡಿ. 30 ಪುಟವಾದರೂ ಹಿಡಿಸದಿದ್ದರೆ ಬಿಟ್ಟುಬಿಡುವ ಹಕ್ಕು ಅವನಿಗಿರಲಿ. ಓದಿದ್ದರ ಸಾರಾಂಶವನ್ನಂತೂ ಕೇಳಲೇಬೇಡಿ, ಅದು ಪರೀಕ್ಷೆ. ‘ಅವನು ಸುಳ್ಳು ಹೇಳ್ತಿದಾನೆ ಅನ್ಸುತ್ತಾ ನಿಂಗೆ?’ ಎಂದರೆ ಅದು ಹರಟೆ.

ಪ್ರಶ್ನೆ: ಮಗಳು ನೋಟ್‌ಬುಕ್ಕಿನಲ್ಲಿ ಕಥೆ ಬರೆಯುತ್ತಾಳೆ, ಬಚ್ಚಿಡುತ್ತಾಳೆ. ಓದಿ ತಿದ್ದಬಹುದೆ?

ಉತ್ತರ: ಬೇಡ. ತಾನಾಗಿ ಕೊಟ್ಟರೆ ಓದಿ, ಆದರೆ ಕೆಂಪು ಪೆನ್ನು ಹಿಡಿಯಬೇಡಿ. ಕಾಗುಣಿತ ತಿದ್ದಿಸಿಕೊಂಡವಳು ಮುಂದಿನ ಸಲ ತನಗೆ ಗೊತ್ತಿರುವ ಪದಗಳಲ್ಲಷ್ಟೇ ಬರೆಯುತ್ತಾಳೆ. ಮನಸ್ಸಿನಲ್ಲಿ ಉಳಿದ ಒಂದು ಸಾಲನ್ನು ತೋರಿಸಿ, ಅರ್ಥವಾಗದ ಒಂದು ಜಾಗದ ಬಗ್ಗೆ ಕೇಳಿ. ಬರೆಯಲು ಹೊಳೆಯುತ್ತಿಲ್ಲ ಅಂದರೆ, 10 ನಿಮಿಷ ಪೆನ್ನು ಎತ್ತದೆ, ಹೊಡೆದುಹಾಕದೆ ಬರೆಯಲಿ; ಮೊದಲ ಸಾಲು ನೀವು ಕೊಡಿ: ‘ಬೀಗ ಹಾಕಿದ್ದು ನಾನೇ, ಆದರೆ ಒಳಗೆ ದೀಪ ಉರಿಯುತ್ತಿತ್ತು.’ ಕಥೆಯಲ್ಲಿ ಸಾವು, ಸಿಟ್ಟು ಬಂದ ಮಾತ್ರಕ್ಕೆ ಗಾಬರಿಯಾಗಬೇಡಿ, ಈ ವಯಸ್ಸಿನ ಬರವಣಿಗೆಯಲ್ಲಿ ಅವು ಮಾಮೂಲು. ತನಗೇ ಹಾನಿ ಮಾಡಿಕೊಳ್ಳುವ ಮಾತು ತನ್ನದೇ ಎಂಬಂತೆ ಮತ್ತೆ ಮತ್ತೆ ಬಂದರೆ ಮಾತ್ರ ಕಥೆಯನ್ನು ಪಕ್ಕಕ್ಕಿಟ್ಟು ಅವಳ ಜೊತೆಗೇ ನೇರವಾಗಿ ಮಾತಾಡಿ, ತಡಮಾಡದೆ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಿ.