ಚಿಕ್ಕ ಯುಟಿಲಿಟಿ ರೂಮಿನಲ್ಲಿ ನೀರಿನ ಮೀಟರ್ ಎಲ್ಲಿ ಹಾಕಿಸಬೇಕು?

ಬೀದಿಯ ಪೈಪು ಒಳಗೆ ಬರುವ ಗೋಡೆಯಲ್ಲೇ ಹಾಕಿಸಿ. ಮೊದಲ ಕವಲಿಗಿಂತ ಮುಂಚೆ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಮುಖ ಮೇಲಾಗಿ, ಮಟ್ಟವಾಗಿ ಇರಲಿ. ಶಿವಮೊಗ್ಗದ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಹಿಂದಿನ ಪುಟ್ಟ ಜಾಗದಲ್ಲೇ ಒಗೆಯುವ ಕಲ್ಲು, ವಾಷಿಂಗ್ ಮಷಿನ್ ಎರಡೂ ಇರಬೇಕು. ಹಾಗಾಗಿ ಪ್ಲಂಬರ್ ‘ಮೇಲೆ ಚಾವಣಿ ಹತ್ತಿರ ಹಾಕೋಣ’ ಅನ್ನಬಹುದು. ದಯವಿಟ್ಟು ಒಪ್ಪಬೇಡಿ.

ಕಾರಣ ಗಾಳಿ. ಮನೆಗಳಿಗೆ ಹಾಕುವ ಸಾಮಾನ್ಯ ಮೀಟರಿನೊಳಗೆ ಪುಟ್ಟ ಚಕ್ರವಿದೆ, ನೀರು ಅದನ್ನು ತಿರುಗಿಸಿದಷ್ಟು ಅಂಕಿ ಏರುತ್ತದೆ. ಪೈಪಿನ ಎತ್ತರದ ಭಾಗದಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಅರ್ಧ ಗಾಳಿ, ಅರ್ಧ ನೀರು ಹರಿದಾಗ ಚಕ್ರದ ಲೆಕ್ಕ ತಪ್ಪುತ್ತದೆ, ಬರಿ ಗಾಳಿ ನುಗ್ಗಿದರೂ ಅದು ಗಿರ್ರನೆ ತಿರುಗುತ್ತದೆ. ಆದ್ದರಿಂದ ಮೀಟರ್ ಆಸುಪಾಸಿನ ಪೈಪಿಗಿಂತ ತಗ್ಗಿನಲ್ಲಿದ್ದು, ಯಾವಾಗಲೂ ನೀರು ತುಂಬಿಕೊಂಡಿರಬೇಕು. ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಬಡಾವಣೆಯಾದರೆ ಬೀದಿ ಪೈಪಿನ ಗಾಳಿ ಹೇಗೂ ಬರುತ್ತದೆ, ಅದಕ್ಕೆ ಮೀಟರಿಗಿಂತ ಮುಂಚೆ, ಗಾಳಿ ಹೊರಬಿಡುವ ಏರ್ ವಾಲ್ವ್ ಬೇಕು.

ಪೈಪಿನ ಮೊಣಕೈ ತಿರುವಿನ ಪಕ್ಕದಲ್ಲೇ ಮೀಟರ್ ಬೇಡ, ಅಲ್ಲಿ ನೀರು ಸುಳಿ ಸುತ್ತುತ್ತದೆ. ಅರ್ಧ ಇಂಚಿನ ಪೈಪಾದರೆ ನೀರು ಒಳಬರುವ ಕಡೆ ಅರ್ಧ ಅಡಿ ನೇರ ಪೈಪು ಬಿಡಿ. ಮೀಟರಿನ ಎರಡೂ ಕಡೆ ನೀರು ನಿಲ್ಲಿಸುವ ವಾಲ್ವ್ ಇರಲಿ. ಮೀಟರಿನ ಮೇಲಿನ ಬಾಣ ನೀರು ಹರಿಯುವ ದಿಕ್ಕಿಗಿರಬೇಕು. ಮಷಿನ್ ಸರಿಸದೆಯೇ ಮುಚ್ಚಳ ತೆರೆದು ಅಂಕಿ ಓದುವಂತಿರಲಿ.

ಸೀಲ್ ಹಾಕಿದ ಹಳೆಯ ಮೀಟರ್ ಇದ್ದರೆ ನೀವೇ ಬಿಚ್ಚಬೇಡಿ, ನೀರು ಸರಬರಾಜು ಕಚೇರಿಗೆ ಅರ್ಜಿ ಕೊಟ್ಟು ಸ್ಥಳ ಬದಲಿಸಿ.